ಕಡಲಿಗೆ ಬೆನ್ನು, ಬೆಂಕಿಗೆ ಮುಖ

ಅಕ್ಕನ ಹೊಸ ಮನೆಯ ಹಾಲ್‌ನಲ್ಲಿ ಕುಳಿತರೆ ಕಡಲು ಕಾಣುವುದಿಲ್ಲ. ಕಡಲು ಕಾಣಲಿ ಎಂದೇ ಭಾವ ಅವರ್ಸಾ ದಾಟಿದ ಮೇಲೆ, ಹೆದ್ದಾರಿ 66ರ ಮೇಲ್ಮಗ್ಗುಲಿಗೆ, ದಲಾಲ ಹೇಳಿದ ರೇಟಿಗೆ ಚೌಕಾಸಿಯನ್ನೂ ಮಾಡದೆ ಜಾಗ ತೆಗೆದುಕೊಂಡದ್ದು. ಪಡುವಣಕ್ಕೆ ಗೋಡೆಯಗಲ ಗಾಜಿನ ಕಿಟಕಿಯನ್ನೂ ಇಡಿಸಿದ್ದಾರೆ. ಆದರೆ ಸೋಫಾ ಆ ಕಿಟಕಿಗೆ ಬೆನ್ನು ಹಾಕಿದೆ. ಅದರ ಎಡಬಲದ ಕುರ್ಚಿಗಳೂ ನಡುವಿನ ಟೀಪಾಯಿಯೂ ಮೂಡಣದ ಗೋಡೆಯತ್ತ ಮುಖ ಮಾಡಿ, ಪ್ರವಚನ ಕೇಳಲು ಬಂದವರ ಹಾಗೆ ಕುಳಿತಿವೆ. ಆ ಗೋಡೆಗೆ ನೆಲದಿಂದ ಸೂರಿನವರೆಗೆ ಇಟ್ಟಿಗೆ. ಇಟ್ಟಿಗೆಯ ನಡುವೆ ಒಂದು ಬಾಯಿ. ಬಾಯಿಯೊಳಗೆ ಬೆಂಕಿ. ಇದಕ್ಕೆ ಫೈರ್‌ಪ್ಲೇಸ್ ಎನ್ನಬೇಕು. ಒಲೆ ಎಂದರೆ ಭಾವನಿಗೆ ಸಿಟ್ಟು.

ಇದೇ ಅಂಕೋಲೆ ತಾಲೂಕಿನಲ್ಲಿ 1909ರಲ್ಲಿ ಹುಟ್ಟಿದ ದಿನಕರ ದೇಸಾಯಿ ಈಗ ಇದ್ದಿದ್ದರೆ ಈ ಗೋಡೆಯನ್ನು ಒಂದು ಚುಟುಕದಲ್ಲಿ ಮುಗಿಸಿ, ಐದನೆಯ ಸಾಲಿಗೆ ಮಸಿ ಖರ್ಚು ಮಾಡುತ್ತಿರಲಿಲ್ಲ. ನನಗೆ ಆ ಕೈ ಇಲ್ಲ. ಗೋಡೆಯೂ ನಾಲ್ಕು ಸಾಲಿನದಲ್ಲ. ಊಟಕ್ಕೆ ಎಬ್ಬಿಸುವವರೆಗೆ ಬೇರೆ ಕೆಲಸವಿಲ್ಲದೆ ಎಣಿಸಿದ್ದೇನೆ, ನಲವತ್ತೆರಡು ಸಾಲಿನದು.

ಕಾರವಾರ, ಅಂಕೋಲೆಯ ಚಳಿಯನ್ನು ಕಂಡಿಲ್ಲದವರಿಗಾಗಿ ಒಂದು ಮಾತು. ನಮ್ಮಲ್ಲಿ ಚಳಿಗಾಲವೆಂದರೆ ಡಿಸೆಂಬರ್ ಕೊನೆಗೆ ಶುರುವಾಗಿ ಸಂಕ್ರಾಂತಿಯ ಆಚೀಚೆ ಮುಗಿಯುವ, ಅದೂ ದಿನಕ್ಕೆ ಬೆಳಗಿನ ಐದೂವರೆಯಿಂದ ಏಳರವರೆಗೆ ಮಾತ್ರ ನಡೆಯುವ ಕಾರ್ಯಕ್ರಮ. ಆ ಹೊತ್ತಿಗೆ ಹಾಲು ತರಲು ಹೊರಟವರು ಕಿವಿಗೆ ಮಫ್ಲರ್ ಸುತ್ತಿಕೊಂಡು ಚಹದಂಗಡಿಯಲ್ಲಿ 'ಈ ಸಲ ಥಂಡಿ ಭಾರೀ' ಎನ್ನುತ್ತಾರೆ. ಉಷ್ಣಮಾಪಕ ಇಪ್ಪತ್ತರ ಆಸುಪಾಸಿನಲ್ಲಿ ನಾಚಿಕೊಂಡು ನಿಂತಿರುತ್ತದೆ. ಒಂಬತ್ತು ಗಂಟೆಗೆ ಅದೇ ಮಫ್ಲರ್ ಬೆವರು ಒರೆಸುವ ಟವೆಲಾಗುತ್ತದೆ. ಉಳಿದ ವರ್ಷವೆಲ್ಲ ಸೆಖೆ, ಮಳೆ, ಮಳೆಯೊಳಗಿನ ಸೆಖೆ. ಇಂಥ ಊರಿನಲ್ಲಿ ಮನೆ ಬಿಸಿ ಮಾಡುವ ಯಂತ್ರಕ್ಕೆಂದು ಹತ್ತಡಿ ಅಗಲದ ಗೋಡೆಯನ್ನು ಬಿಟ್ಟುಕೊಡುವುದು, ಮೀನುಪೇಟೆಯ ಪಕ್ಕದಲ್ಲಿ ಮನೆ ಮಾಡಿ ಮೀನಿನ ವಾಸನೆಯ ಅಗರಬತ್ತಿ ಹಚ್ಚಿದ ಹಾಗೆ.

ಈ ಬೆಂಕಿ ಮೊದಲು ಹೊತ್ತಿದ್ದು ಕೆನಡಾದಲ್ಲಿ. ಭಾವ ಮೂವತ್ತು ವರ್ಷ ಮುಂಬಯಿಯ ಬ್ಯಾಂಕೊಂದರಲ್ಲಿ ದುಡಿದು, ಡೊಂಬಿವಲಿಯ ಒಂದೂವರೆ ಕೋಣೆಯಲ್ಲಿ ಸಂಸಾರ ಮಾಡಿದವರು. ಆ ಮನೆಯ ಹಾಲ್‌ಗೆ ಅಲಂಕಾರವೆಂದರೆ ಮಡಚುವ ಮಂಚ. ಹಗಲು ಅದು ಸೋಫಾ, ರಾತ್ರಿ ಅತಿಥಿಗೃಹ. ನಿವೃತ್ತರಾದ ಮೇಲೆ ಮಗನ ಮನೆಗೆಂದು ಟೊರಾಂಟೊ ಕಡೆಗೆ ಹೋದರು. ಹೊರಗೆ ಮೈನಸ್ ಹದಿನೈದು. ಒಳಗೆ ಇಟ್ಟಿಗೆಯ ಗೋಡೆ, ಅದರ ಹೊಟ್ಟೆಯಲ್ಲಿ ಬೆಂಕಿ, ಬೆಂಕಿಯ ಮುಂದೆ ಮೊಮ್ಮಗ. ಭಾವ ಫೋಟೊ ತೆಗೆದದ್ದೇ ತೆಗೆದದ್ದು. ಮಗ ಹೇಳಿದನಂತೆ: "ಪಪ್ಪಾ, ಅದು ಬರೀ ಶೋಗೆ. ಮನೆ ಬಿಸಿಯಾಗೂದು ಕೆಳಗಿನ ಫರ್ನೇಸಿನಿಂದ. ಅದನ್ನ ಜಾಸ್ತಿ ಹೊತ್ತು ಹಚ್ಚಿಡಬೇಡಿ, ಗ್ಯಾಸಿನ ಬಿಲ್ಲು ಬರ್ತದೆ." ಈ ಮಾತಿನ ಮೊದಲರ್ಧವಾದರೂ ಭಾವನ ಕಿವಿಗೆ ಬಿದ್ದಿದ್ದರೆ ನಮಗೆಲ್ಲ ಕಡಲು ಕಾಣುತ್ತಿತ್ತು. ಹಿಮ ಬೀಳುವ ಊರಿನಲ್ಲೇ ಯಾವುದು ಬರೀ ತೋರಿಕೆಗೆ ಉಳಿದಿದೆಯೋ, ಅದರ ತೋರಿಕೆಯನ್ನು ನಾವು ಇಲ್ಲಿ, ಹಾರವಾಡದ ಬದಿಯಲ್ಲಿ ನಕಲು ಮಾಡಿದ್ದೇವೆ.

ಬೆಂಗಳೂರಿನಿಂದ ವಿಡಿಯೊ ಕಾಲ್‌ನಲ್ಲೇ ಮನೆ ಕಟ್ಟಿಸಿದ ಇಂಟೀರಿಯರ್ ಹುಡುಗ ಇದಕ್ಕೆ ಶಾಸ್ತ್ರಾಧಾರ ಒದಗಿಸಿದ. ಪ್ರತಿಯೊಂದು ಹಾಲ್‌ಗೂ ಒಂದು ಫೋಕಲ್ ಪಾಯಿಂಟ್ ಇರಬೇಕಂತೆ; ಒಳಗೆ ಕಾಲಿಟ್ಟವರ ಕಣ್ಣು ನೆಟ್ಟಗೆ ಹೋಗಿ ಅಲ್ಲೇ ನಿಲ್ಲಬೇಕಂತೆ. "ಕಡಲಿದೆಯಲ್ಲ?" ಎಂದು ಅಕ್ಕ ಕೇಳಿದ್ದಾಳೆ. ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದು, "ಮೇಡಂ, ಕಡಲು ಔಟ್‌ಡೋರ್" ಎಂದನಂತೆ. ಅರಬ್ಬೀ ಸಮುದ್ರಕ್ಕೆ ಇಷ್ಟು ಚುಟುಕಾಗಿ ಜಾಗ ತೋರಿಸಿದವರು ಪೋರ್ಚುಗೀಸರಲ್ಲೂ ಇರಲಿಲ್ಲ.

ನಮ್ಮ ಹಳೆಯ ಮನೆಗಳಿಗೆ ಇಂಥ ನಡುಬಿಂದು ಇರಲಿಲ್ಲವೆಂದಲ್ಲ. ಅದು ಮನೆಯ ಹೊರಗಿತ್ತು. ಜಗಲಿಯಲ್ಲಿ ಕುಳಿತವರೆಲ್ಲ ಒಂದೇ ಸಾಲಾಗಿ, ಅಂಗಳದ ಕಡೆಗೆ, ದಣಪೆಯ ಕಡೆಗೆ, ದಾರಿಯಲ್ಲಿ ಯಾರು ಯಾರ ಮನೆಗೆ ಹೋಗುತ್ತಿದ್ದಾರೆ ಎಂಬ ಮಹತ್ವದ ವಿಷಯದ ಕಡೆಗೆ ಮುಖ ಮಾಡಿ ಕೂರುತ್ತಿದ್ದರು. ಒಬ್ಬರ ಮುಖ ಒಬ್ಬರು ನೋಡುವ ಸಂಕಟವಿಲ್ಲ, ಮಾತಿಗೂ ಬರವಿಲ್ಲ, ಬೀಸುವ ಗಾಳಿಗೆ ಅಡ್ಡಿಯೂ ಇಲ್ಲ. ಶೀತದೇಶದ ಮನೆ ಒಳಮುಖ. ಬೆಂಕಿಯ ಸುತ್ತ ಮುದುಡಿಕೊಳ್ಳುವುದು ಅದರ ಪ್ರಾಣದ ಪ್ರಶ್ನೆ. ಕರಾವಳಿಯ ಮನೆ ಹೊರಮುಖ. ಗಾಳಿಗೆ ಎದೆಕೊಡುವುದು ಇದರ ಪ್ರಾಣದ ಪ್ರಶ್ನೆ. ಮನೆಯ ಈ ಮೋರೆಯನ್ನೇ ಹಿಡಿದು ತಿರುಗಿಸಲು ಭಾವ ಕೊಟ್ಟ ಫೀಸಿನಲ್ಲಿ ಒಂದು ಸಣ್ಣ ದೋಣಿ ಬರುತ್ತಿತ್ತು, ಎಂಜಿನ್ ಸಮೇತ.

ಇಟ್ಟಿಗೆಯ ಕಥೆ ಇನ್ನೂ ಚೆನ್ನಾಗಿದೆ. ಪಾಯ ತೋಡುವಾಗ ಆ ಜಾಗದಲ್ಲಿ ಮೂರಡಿಗೇ ಚಿರೆಕಲ್ಲು ಸಿಕ್ಕಿತು. ಚಿರೆಕಲ್ಲಿನ ಗುಣ ಊರಿಗೆಲ್ಲ ಗೊತ್ತು: ನೆಲದೊಳಗಿದ್ದಾಗ ಕೊಡಲಿಗೆ ಬಾಗುವಷ್ಟು ಮೆತ್ತಗೆ, ಮೇಲೆ ತಂದು ಗಾಳಿಬಿಸಿಲಿಗೆ ಇಟ್ಟರೆ ವರ್ಷದಿಂದ ವರ್ಷಕ್ಕೆ ಗಟ್ಟಿ. ಬ್ಯಾಂಕಿನ ಕೆಳದರ್ಜೆಯ ನೌಕರರು ಮೇಲೆ ಬಂದ ಹಾಗೆ ಎಂದು ಭಾವನೇ ಒಮ್ಮೆ ಹೇಳಿದ್ದರು. ಮನೆಯ ಗೋಡೆಗಳನ್ನು ಆ ಕಲ್ಲಿನಿಂದಲೇ ಎಬ್ಬಿಸಿದರು. ಆಮೇಲೆ ಕೆಂಪು ಕಲ್ಲು ಕಾಣಬಾರದೆಂದು ಸಿಮೆಂಟು ಬಳಿದರು. ಸಿಮೆಂಟು ಕಾಣಬಾರದೆಂದು ಪುಟ್ಟಿ ಹಚ್ಚಿದರು. ಪುಟ್ಟಿ ಕಾಣಬಾರದೆಂದು ಗುಜರಾತಿನ ಮೊರ್ಬಿಯಿಂದ, ಕೆಂಪು ಕಲ್ಲಿನ ಹಾಗೆ ಕಾಣುವ, ಅರ್ಧ ಇಂಚು ದಪ್ಪದ ಇಟ್ಟಿಗೆ-ಟೈಲ್ಸ್ ತರಿಸಿ ಅಂಟಿಸಿದರು. ಒಂದೊಂದು ಟೈಲ್ಸಿನ ಮೂಲೆಯೂ ಕಾರ್ಖಾನೆಯಲ್ಲೇ ಮುಕ್ಕಾಗಿ ಬಂದಿದೆ, ಹಳೆಯದೆಂದು ಕಾಣಲಿ ಎಂದು. ಸಾಗಾಟದಲ್ಲಿ ನಿಜವಾಗಿ ಮುಕ್ಕಾದವನ್ನು ಭಾವ ವಾಪಸು ಕಳಿಸಿದರು.

ಶ್ರೀರಂಗಪಟ್ಟಣ ಬಿದ್ದ ಮರುವರ್ಷ, 1800ರಲ್ಲಿ, ಫ್ರಾನ್ಸಿಸ್ ಬುಕಾನನ್ ಎಂಬ ಸ್ಕಾಟ್‌ಲೆಂಡಿನ ವೈದ್ಯ ಕಂಪನಿ ಸರಕಾರದ ಅಪ್ಪಣೆಯ ಮೇಲೆ ಮದರಾಸಿನಿಂದ ಹೊರಟು ಮೈಸೂರು, ಮಲಬಾರು, ಕೆನರಾ ಸುತ್ತಿದ. 1801ರಲ್ಲಿ ಅಂಕೋಲೆಯ ಮೇಲೂ ಹಾದುಹೋದ. ಮಲಬಾರಿನ ಅಂಗಾಡಿಪುರದಲ್ಲಿ ಈ ಚಿರೆಕಲ್ಲನ್ನು ಕಂಡು, ಜನ ಇದನ್ನು ಇಟ್ಟಿಗೆಕಲ್ಲು ಎಂದೇ ಕರೆಯುತ್ತಾರೆಂದು ಬರೆದುಕೊಂಡ. ಲ್ಯಾಟಿನ್ನಿನಲ್ಲಿ ಇಟ್ಟಿಗೆಗೆ 'ಲೇಟರ್'. ಹಾಗಾಗಿ 1807ರಲ್ಲಿ ಅಚ್ಚಾದ ಅವನ ಪುಸ್ತಕದಿಂದ ಈ ಕಲ್ಲಿಗೆ ಜಗತ್ತೆಲ್ಲ ಲ್ಯಾಟರೈಟ್ ಎಂಬ ಹೆಸರು ನಿಂತಿತು. ಅಂದರೆ ಭಾವನ ಗೋಡೆ ಹುಟ್ಟಿನಿಂದಲೂ ಇಟ್ಟಿಗೆ, ಹೆಸರಿನಿಂದಲೂ ಇಟ್ಟಿಗೆ. ಅದನ್ನು ಎರಡು ಪದರು ಮುಚ್ಚಿ, ಮೇಲೆ ಇಟ್ಟಿಗೆಯ ಚರ್ಮ ಹೊದೆಸಲಾಗಿದೆ. ಇದನ್ನು ನಾನು ಭಾವನಿಗೆ ವಿವರಿಸಿದೆ. ಅವರು ಗಂಭೀರವಾಗಿ ಕೇಳಿ, "ಅವನು ಯಾವ ಫರ್ಮಿನವನು?" ಎಂದರು.

ಪಕ್ಕದ ಬೇಲೇಕೇರಿ ಬಂದರಿನಲ್ಲಿ, ಜಪ್ತಿ ಮಾಡಿಟ್ಟ ಲಕ್ಷಗಟ್ಟಲೆ ಟನ್ ಕಬ್ಬಿಣದ ಅದಿರೇ 2010ರಲ್ಲಿ ಕಾಣೆಯಾಗಿತ್ತು. ಅಷ್ಟು ಕೆಂಪು ಮಣ್ಣು ಮಾಯವಾಗಬಲ್ಲ ತಾಲೂಕಿನಲ್ಲಿ ಒಂದು ಕೆಂಪು ಗೋಡೆ ಮಾಯವಾದರೆ ಯಾವ ಕೋರ್ಟೂ ಕೇಳದು ಎಂದು ನಾನು ಆಗಾಗ ಆಸೆಪಡುವುದುಂಟು.

ಗೃಹಪ್ರವೇಶ ಡಿಸೆಂಬರಿನಲ್ಲಿ. ಗಣಹೋಮವನ್ನು ಎಲ್ಲಿ ಮಾಡುವುದೆಂಬ ಪ್ರಶ್ನೆ ಬಂತು. ಹಾಲ್‌ನ ನಡುವೆ ಎಂದರು ಭಟ್ಟರು. ಹೊಗೆಗೆ ಪಿ.ಓ.ಪಿ. ಸೀಲಿಂಗ್ ಹಳದಿಯಾದೀತು ಎಂದ ಬೆಂಗಳೂರಿನ ಹುಡುಗ, ಫೋನಿನಲ್ಲಿ. ಹಾಗಾಗಿ ಅಗ್ನಿದೇವನಿಗೆ ಕಾರ್ ಪೋರ್ಚಿನಲ್ಲಿ, ಸ್ಕೂಟಿಯ ಪಕ್ಕ, ಜಾಗ ಮಾಡಿಕೊಟ್ಟರು. ಭಟ್ಟರು ಅಲ್ಲೇ ಮೋದಕ ಹೋಮಿಸಿ ದಕ್ಷಿಣೆ ತೆಗೆದುಕೊಂಡು ಹೋದರು. ಸಂಜೆ ಏಳಕ್ಕೆ ಫೈರ್‌ಪ್ಲೇಸಿನ ಉದ್ಘಾಟನೆ. ಆಗ ಅದು ನಿಜವಾದ ಸೌದೆಯದು. ಭಾವ ನಕಲಿಗೆ ಒಪ್ಪುವವರಲ್ಲ. ಚಿಮಣಿಯನ್ನು ಊರಿನ ಮೇಸ್ತ್ರಿಯೇ ಕಟ್ಟಿದ್ದ. ಬಾವಿ ಕಟ್ಟುವುದರಲ್ಲಿ ಎತ್ತಿದ ಕೈ. ಚಿಮಣಿಯನ್ನೂ ಮೇಲ್ಮುಖವಾದ ಬಾವಿಯೆಂದು ತಿಳಿದು ಕಟ್ಟಿಬಿಟ್ಟಿದ್ದ. ಸೌದೆಗೆಂದೇ ಕರಾವಳಿಯ ಮರಳಿಗೆ ಬಂದು ಬೇರೂರಿದ ಗಾಳಿಮರದ ಒಣ ತುಂಡುಗಳನ್ನು ಜೋಡಿಸಿದರು. ಸೆಖೆಯಾದೀತೆಂದು ಕಿಟಕಿ ಮುಚ್ಚಿ ಎ.ಸಿ. ಹಾಕಿದರು. ಕರ್ಪೂರ ಇಟ್ಟರು. ಚಪ್ಪಾಳೆ.

ಎರಡನೆಯ ನಿಮಿಷಕ್ಕೆ ಹೊಗೆ ಹಾಲ್‌ಗೆ ಬಂತು. ಐದನೆಯ ನಿಮಿಷಕ್ಕೆ ನೆಂಟರು ಜಗಲಿಗೆ ಬಂದರು. ಏಳನೆಯ ನಿಮಿಷಕ್ಕೆ ಕೆಳಗಿನ ಮನೆಯ ಹೆಂಗಸು ನೀರು ತುಂಬಿದ ಕೊಡ ಹಿಡಿದು ಓಡುತ್ತ ಬಂದಳು.

ತಪ್ಪು ಮೇಸ್ತ್ರಿಯದು ಅಷ್ಟೇನೂ ಅಲ್ಲ. ಚಿಮಣಿ ಹೊಗೆಯನ್ನು ಎಳೆಯುವುದು ಕೊಳವೆಯೊಳಗಿನ ಬಿಸಿಗೂ ಹೊರಗಿನ ಚಳಿಗೂ ಇರುವ ಅಂತರದಿಂದ. ಹೊರಗೆ ಹಿಮ ಬಿದ್ದಿದ್ದರೆ ಒಳಗಿನ ಬಿಸಿಗಾಳಿ ಜೀವ ಬಿಟ್ಟುಕೊಂಡು ಮೇಲಕ್ಕೆ ಹಾರುತ್ತದೆ. ಹೊರಗೂ ಇಪ್ಪತ್ತೈದು ಡಿಗ್ರಿಯಾದರೆ ಅದಕ್ಕೆ ಹೋಗುವ ತುರ್ತೇನು? ಜೊತೆಗೆ ಕಿಟಕಿಯೂ ಮುಚ್ಚಿದ್ದರೆ ಹೋದ ಗಾಳಿಯ ಬದಲಿಗೆ ಒಳಗೆ ಬರಲು ಬೇರೆ ಗಾಳಿಯಿಲ್ಲ. ಲಂಡನ್ನಿನ ಮನೆಗಳೂ ಒಂದು ಕಾಲಕ್ಕೆ ಹೀಗೆಯೇ ಕೆಮ್ಮುತ್ತಿದ್ದವು. ಕೌಂಟ್ ರಮ್‌ಫರ್ಡ್ ಎಂಬ ಭೌತವಿಜ್ಞಾನಿ 1796ರಲ್ಲಿ ಒಂದು ಪ್ರಬಂಧ ಬರೆದು, ಒಲೆಯ ಆಳ ಕಡಿಮೆ ಮಾಡಿ, ಪಕ್ಕದ ಗೋಡೆಗಳನ್ನು ಓರೆ ಮಾಡಿ, ಚಿಮಣಿಯ ಗಂಟಲನ್ನು ಕಿರಿದು ಮಾಡಲು ಹೇಳಿಕೊಟ್ಟ ಮೇಲೆಯೇ ಅವುಗಳ ಹೊಗೆ ಹಿಡಿತಕ್ಕೆ ಬಂದದ್ದು. ಅವನಿಗಿದ್ದ ಚಿಂತೆ ಬಿಸಿಯನ್ನು ಕೋಣೆಗೆ ತರುವುದು, ಹೊಗೆಯನ್ನು ಹೊರಗೆ ಕಳಿಸುವುದು. ಭಾವನಿಗೆ ಬಿಸಿಯೂ ಬೇಡ, ಹೊಗೆಯೂ ಬೇಡ. ಬೇಕಾದ್ದು ಬೆಂಕಿ ಮಾತ್ರ. ಇಂಥ ಗಿರಾಕಿಯನ್ನು ರಮ್‌ಫರ್ಡ್ ಕಂಡಿರಲಿಲ್ಲ.

ಆ ರಾತ್ರಿ ನಗದೆ ಇದ್ದವರು ಭಾವನ ತಾಯಿ ಒಬ್ಬರೇ. ಎಂಬತ್ತು ದಾಟಿದವರು, ನಾನು ಅತ್ತೆ ಎನ್ನುತ್ತೇನೆ. ಅವರಿಗೆ ಮೊದಲಿನಿಂದಲೂ ಗೊಂದಲ. ಮನೆಗೆ ಚಿಮಣಿ ಕಟ್ಟಿಸುತ್ತೇವೆಂದು ಮಗ ಹೇಳಿದಾಗ, ಕರೆಂಟು ಇಷ್ಟು ಹೋಗುತ್ತದೆಯೇ ಎಂದು ಕೇಳಿದ್ದರು. ಅತ್ತೆಗೆ ಗೊತ್ತಿರುವ ಚಿಮಣಿ ಎಂದರೆ ಬುಡ್ಡಿದೀಪ. ರೇಷನ್ ಅಂಗಡಿಯಲ್ಲಿ ಕ್ಯಾನು ಹಿಡಿದು ನಿಂತು ತರುತ್ತಿದ್ದದ್ದು ಚಿಮಣಿ ಎಣ್ಣೆ. ಅದರ ಬೆಳಕಿನಲ್ಲೇ ಮಗ ಓದಿ ಬ್ಯಾಂಕು ಸೇರಿದ್ದು. ಹೊಗೆಯೆಲ್ಲ ಹೋದ ಮೇಲೆ ಅವರು ಗೋಡೆಯ ಬಾಯಿಯ ಮುಂದೆ ಬಂದು, ಬಗ್ಗಿ ನೋಡಿ, ನನ್ನನ್ನು ಕೇಳಿದರು:

"ತಮಾ, ಇದರ ಮೇಲೆ ಪಾತ್ರೆ ಇಡೂದೆಲ್ಲಿ?"

"ಇದು ಅಡುಗೆಗಲ್ಲ ಅತ್ತೆ."

"ಮತ್ತೆ ಸ್ನಾನದ ನೀರಿಗಾ?"

"ಅದಕ್ಕೂ ಅಲ್ಲ."

"ಮತ್ತೆಂತಕ್ಕೆ?"

"ನೋಡೂಕೆ."

ಅತ್ತೆ ಬಹಳ ಹೊತ್ತು ಏನೂ ಹೇಳಲಿಲ್ಲ. ನಲವತ್ತು ವರ್ಷ ಒಲೆ ಊದಿ ಕಣ್ಣು ಕೆಂಪು ಮಾಡಿಕೊಂಡವರಿಗೆ, ಬೆಂಕಿಯನ್ನು ಕೂತು ನೋಡುವವರೂ ಇದ್ದಾರೆ ಎಂಬುದು ಅರಗಲು ಸಮಯ ಬೇಕು.

ಅತ್ತೆಯ ಕಾಲದ ಬೆಂಕಿ ಒಂದು ನಿಮಿಷವೂ ಸುಮ್ಮನೆ ಕೂತದ್ದಲ್ಲ. ಬಚ್ಚಲೊಲೆಗೆ ತೆಂಗಿನ ಮಡಲು, ಸಿಪ್ಪೆ, ಕರಟ ತುರುಕಿದರೆ ಹಂಡೆಯ ನೀರು ಕಾಯುತ್ತಿತ್ತು. ಅಡುಗೆ ಒಲೆಯ ಹೊಗೆ ಅಟ್ಟಕ್ಕೆ ಏರಿ ಮುರುಗಲ ಸಿಪ್ಪೆ ಒಣಗಿಸಿ, ಒಣಮೀನಿಗೆ ಹುಳ ಬಾರದ ಹಾಗೆ ಕಾದು, ಮಾಡಿನ ಮರಕ್ಕೆ ಒರಲೆ ಹತ್ತದಂತೆ ನೋಡಿಕೊಂಡು, ಹಂಚಿನ ಸಂದಿನಿಂದ ತಾನಾಗಿ ಹೊರಟುಹೋಗುತ್ತಿತ್ತು. ಬೂದಿ ಪಾತ್ರೆ ತಿಕ್ಕಲಿಕ್ಕೆ, ಉಳಿದದ್ದು ತೆಂಗಿನ ಬುಡಕ್ಕೆ. ಮುಂದಿನ ವರ್ಷದ ಸೌತೆ ಬೀಜವನ್ನು ಬೂದಿಯಲ್ಲಿ ಕಲಸಿ ಅಡುಗೆಮನೆಯ ಗೋಡೆಗೆ ತಟ್ಟಿರುತ್ತಿದ್ದರು. ಒಲೆಯ ಹಿಂದಿನ ಗೋಡೆಗೆ ಆ ಕಾಲದ ಅಲಂಕಾರವೆಂದರೆ ಅದು. ಆಷಾಢದಲ್ಲಿ ಒಣಗದ ಬಟ್ಟೆ, ಒದ್ದೆ ಮಕ್ಕಳು, ಕೆಮ್ಮುವ ಅಜ್ಜ, ಬಾಣಂತಿ ಎಲ್ಲರೂ ಬಚ್ಚಲೊಲೆಯ ಎದುರು. ನಮ್ಮ ಫೈರ್‌ಪ್ಲೇಸ್ ಬಚ್ಚಲಿನಲ್ಲಿತ್ತು ಎಂದು ಹೇಳಿದರೆ ಯಾವ ಪತ್ರಿಕೆಯವರೂ ಫೋಟೊ ತೆಗೆಯಲು ಬರುವುದಿಲ್ಲ.

ಇದನ್ನು ಹೇಳಿ ಹಳೆಯ ಕಾಲಕ್ಕೆ ಕೈಮುಗಿಯುತ್ತಿಲ್ಲ. ಹೊಗೆ ಹೆಂಗಸರ ಎದೆ ತಿಂದಿದೆ. ಆ ಬೆಂಕಿಯನ್ನು ಮನೆಯಿಂದ ಹೊರಗೆ ಹಾಕಲು ದೊಡ್ಡ ದೊಡ್ಡ ತಲೆಗಳು ಕೆಲಸ ಮಾಡಿವೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಅಮೂಲ್ಯ ರೆಡ್ಡಿಯವರು ಕಟ್ಟಿದ 'ಅಸ್ತ್ರ' ತಂಡ, ಕಡಿಮೆ ಸೌದೆಯಲ್ಲಿ ಮೂರು ಪಾತ್ರೆ ಕಾಯುವ, ಹೊಗೆಯನ್ನು ಕೊಳವೆಯಿಂದ ಹೊರಗೆ ಕಳಿಸುವ ಒಲೆಯನ್ನು ಮಾಡಿ ಹಳ್ಳಿಗಳಿಗೆ ಕೊಟ್ಟಿತು. ಕೇಂದ್ರ ಸರಕಾರ 2016ರ ಮೇ 1ರಂದು ಉಜ್ವಲಾ ಯೋಜನೆ ತಂದು ಬಡವರ ಮನೆಗೆ ಸಿಲಿಂಡರ್ ಮುಟ್ಟಿಸಿತು. ಕಾಡಿನಿಂದ ತಲೆಹೊರೆ ತರುವ ಹಾಲಕ್ಕಿ ಹೆಂಗಸು ಚೆಕ್‌ಪೋಸ್ಟಿನಲ್ಲಿ ಗಾರ್ಡಿಗೆ ಉತ್ತರ ಹೇಳಬೇಕು. ಅಷ್ಟಾದ ಮೇಲೆ, ಮುಂಬಾಗಿಲಿನಿಂದ, ಕೆಂಪು ರಿಬ್ಬನ್ ಕತ್ತರಿಸಿಕೊಂಡು, ಅದೇ ಬೆಂಕಿ ಹಾಲ್‌ಗೆ ಬಂದು ಕುಳಿತಿದೆ. ಅಡುಗೆಮನೆಯಲ್ಲಿದ್ದಾಗ ಅದು ಹಿಂದುಳಿದಿರುವಿಕೆ, ಹಾಲ್‌ನಲ್ಲಿದ್ದರೆ ಆಂಬಿಯನ್ಸ್. ಹೊಗೆಗೂ ನಮ್ಮಲ್ಲಿ ಜಾತಿ ಇದೆ.

ಉದ್ಘಾಟನೆಯ ವಾರದೊಳಗೆ ನಿಜ ಬೆಂಕಿ ರಾಜೀನಾಮೆ ಕೊಟ್ಟಿತು. ಅದರ ಜಾಗಕ್ಕೆ ಎಲೆಕ್ಟ್ರಿಕ್ ಬೆಂಕಿ ಬಂತು. ಪ್ಲಾಸ್ಟಿಕ್ಕಿನ ಕೊರಡು, ಅದರೊಳಗೆ ಎಲ್‌ಇಡಿ, ಹಿಂದೆ ತಿರುಗುವ ಒಂದು ಕನ್ನಡಿಕಡ್ಡಿ. ಜ್ವಾಲೆ ಕುಣಿದಂತೆ ಕಾಣುತ್ತದೆ. ರಿಮೋಟಿನಲ್ಲಿ ಚಿಟಪಟ ಸದ್ದಿಗೊಂದು ಗುಂಡಿ ಇದೆ. ಎರಡು ಸಾವಿರ ವಾಟಿನ ಹೀಟರೂ ಇದೆ. ಯಾರೂ ತಪ್ಪಿ ಒತ್ತಬಾರದೆಂದು ಆ ಗುಂಡಿಗೆ ಅಕ್ಕ ಬ್ಯಾಂಡೇಜ್ ಪಟ್ಟಿ ಅಂಟಿಸಿದ್ದಾಳೆ. ಎದುರಿನ ಗೋಡೆಯ ಎ.ಸಿ. ಇಪ್ಪತ್ತನಾಲ್ಕರಲ್ಲಿ ಉಸಿರು ಬಿಡುತ್ತಿರುತ್ತದೆ. ಭಾವ ಉಣ್ಣೆಯ ಹೊದಿಕೆಯನ್ನು ಮೊಣಕಾಲಿಗೆ ಹಾಕಿಕೊಂಡು ಬೆಂಕಿ ನೋಡುತ್ತಾರೆ. ಹೊರಗೆ ಮೂವತ್ತೆರಡು ಡಿಗ್ರಿ. ಹೊದಿಕೆಗೆ ಚಳಿ ಬೇಕು, ಚಳಿಗೆ ಎ.ಸಿ. ಬೇಕು, ಎ.ಸಿ.ಯ ಚಳಿಗೆ ನೆಪವಾಗಿ ಬೆಂಕಿ ಬೇಕು. ಹೆಸ್ಕಾಂ ಬಿಲ್ಲು ಇದರ ನ್ಯಾಯ ತೀರಿಸುತ್ತದೆ.

ಹುಚ್ಚು ಇವರೊಬ್ಬರದೇ ಅಲ್ಲ ಎನ್ನುವುದು ನ್ಯಾಯ. ನ್ಯೂಯಾರ್ಕಿನ ಟಿ.ವಿ. ವಾಹಿನಿಯೊಂದು 1966ರ ಕ್ರಿಸ್‌ಮಸ್ ಮುನ್ನಾದಿನ, ಫ್ಲ್ಯಾಟುಗಳಲ್ಲಿ ಫೈರ್‌ಪ್ಲೇಸ್ ಇಲ್ಲದವರಿಗಾಗಿ ಕೊರಡು ಉರಿಯುವುದನ್ನೇ ಗಂಟೆಗಟ್ಟಲೆ ತೋರಿಸಿತ್ತು. ನಾರ್ವೆಯ ಸರಕಾರಿ ವಾಹಿನಿ 2013ರಲ್ಲಿ ಸೌದೆಯ ಬಗ್ಗೆ ಹನ್ನೆರಡು ಗಂಟೆ ಕಾರ್ಯಕ್ರಮ ಮಾಡಿತು; ಅದರಲ್ಲೂ ಬಹುಪಾಲು ಬರೀ ಉರಿಯುವ ಬೆಂಕಿ. ಆದರೆ ಅವರಿಗೆ ಕಿಟಕಿಯಾಚೆ ನಿಜವಾದ ಚಳಿಯಾದರೂ ಇತ್ತು. ನಮಗೆ ಅದನ್ನೂ ಹೊಸದಾಗಿ ತಯಾರಿಸಿಕೊಳ್ಳಬೇಕು.

ಗೋಡೆ ಆದ ಮೇಲೆ ಗೋಡೆಯ ಸಿಂಗಾರ. ಬಾಯಿಯ ಮೇಲ್ಗಡೆ ಒಂದು ಹಲಗೆ ಇದೆ, ಮ್ಯಾಂಟೆಲ್. ಹುಟ್ಟಿದ ದೇಶದಲ್ಲಿ ಅದರ ಮೇಲೆ ಗಡಿಯಾರ, ಮೇಣದಬತ್ತಿ, ತೀರಿಹೋದ ಹಿರಿಯರ ಚಿತ್ರ. ಇಲ್ಲಿ ಅದು ಮೂರೇ ದಿನದಲ್ಲಿ ಶೋಕೇಸ್ ಆಯಿತು: ಮೊಮ್ಮಗನ ಫೋಟೊ, ನೌಕಾನೆಲೆಯಲ್ಲಿ ಕೆಲಸ ಮಾಡುವ ನೆಂಟ ಕೊಟ್ಟ ಹಿತ್ತಾಳೆಯ ಹಡಗು, ಬ್ಯಾಂಕಿನವರು ಬೀಳ್ಕೊಡುಗೆಗೆ ಕೊಟ್ಟ ಗಣಪತಿ, ಬಿ.ಪಿ. ಮಾತ್ರೆ. ಬೆಂಗಳೂರಿನ ಹುಡುಗ ವಿಡಿಯೊದಲ್ಲೇ ಕಿರುಚಿದ. ಮಾತ್ರೆ ತೆಗೆಸಿ, ಗಣಪತಿಗೆ ದೇವರಕೋಣೆ ತೋರಿಸಿ, 'ಲೋಕಲ್ ಟಚ್' ಇರಲೆಂದು ಒಂದು ಗುಮಟೆ ತರಲು ಹೇಳಿದ. ಗುಮಟೆಗೆ ಹಿಂದಿನಿಂದ ಉಡದ ಚರ್ಮ. ಉಡವನ್ನು ಮುಟ್ಟಿದರೆ 1972ರ ಕಾಯ್ದೆ ಮುಟ್ಟುತ್ತದೆ ಎಂದು ನಾನೇ ಹ್ಯಾಗೋ ತಪ್ಪಿಸಿದೆ. ಸುಗ್ಗಿಯಲ್ಲಿ ಕುಣಿಯುವ ವಾದ್ಯವೊಂದು ಸುಳ್ಳು ಬೆಂಕಿಯ ನೆತ್ತಿಯ ಮೇಲೆ ಸುಮ್ಮನೆ ಕೂರುವುದು ತಪ್ಪಿತು.

ಆಮೇಲೆ ಠಾಕೂರರು ಬಂದರು. ಅಣ್ಣ ಸತ್ಯೇಂದ್ರನಾಥರು ಕಾರವಾರದಲ್ಲಿ ನ್ಯಾಯಾಧೀಶರಾಗಿದ್ದಾಗ, 1883ರಲ್ಲಿ, ಇಪ್ಪತ್ತೆರಡರ ರವೀಂದ್ರರು ಬಂದು ಈ ಕಡಲದಂಡೆಯಲ್ಲಿ ಇದ್ದು ಒಂದು ನಾಟಕ ಬರೆದರು. ದಂಡೆಗೆ ಇಂದಿಗೂ ಅವರ ಹೆಸರು. ಆ ಲೆಕ್ಕದಲ್ಲಿ ಗೋಡೆಗೆ ಅವರ ದೊಡ್ಡ ಚಿತ್ರ ಹಾಕಿಸಿದ್ದಾರೆ. ಕಾರವಾರದ ಕಡಲನ್ನು ನೋಡಿ ಬೆರಗಾದ ಮನುಷ್ಯ, ಈ ಮನೆಯಲ್ಲಿ ಕಡಲನ್ನು ನೋಡುವ ಏಕೈಕ ವ್ಯಕ್ತಿಯಾಗಿ ಉಳಿದಿದ್ದಾರೆ. ಉಳಿದವರೆಲ್ಲ ಅವರನ್ನು ನೋಡಿಕೊಂಡು ಕೂರಬೇಕು. ಅವರು ಇಲ್ಲಿ ಬರೆದ ನಾಟಕದ ಹೆಸರು 'ಪ್ರಕೃತಿರ್ ಪ್ರತಿಶೋಧ್'. ಪ್ರಕೃತಿಯ ಪ್ರತೀಕಾರ. ಭಾವನಿಗೆ ಇದನ್ನು ಹೇಳಬೇಕೆಂದಿದ್ದೆ. ಅಷ್ಟರಲ್ಲಿ ಜೂನ್ ಬಂತು.

ನಮ್ಮ ಕರಾವಳಿಗೆ ವರ್ಷಕ್ಕೆ ಬೀಳುವುದು ಸುಮಾರು ಮೂರು ಸಾವಿರ ಮಿಲಿಮೀಟರ್ ಮಳೆ, ಬಹುಪಾಲು ನಾಲ್ಕೇ ತಿಂಗಳಲ್ಲಿ. ಮಾಡಿನ ಮೇಲೆ ನೆಟ್ಟಗೆ ಬಾಯಿ ತೆರೆದ ಕೊಳವೆಯೊಂದನ್ನು ಅದು ತನ್ನ ಪ್ರಾಯದಲ್ಲಿ ಮೊದಲ ಸಲ ನೋಡಿದ್ದು. ಮೊದಲ ವಾರ ಚಿಮಣಿಯಿಂದ ಸಣ್ಣ ಹನಿ, ಎರಡನೆಯ ವಾರ ಧಾರೆ. ಮೇಸ್ತ್ರಿ ಮೊದಲೇ ತಿಳಿದಿದ್ದ, ಮೇಲ್ಮುಖವಾದ ಬಾವಿ ಎಂದು. ಈಗ ನೀರೂ ಬಂತು. ಎಲ್‌ಇಡಿ ಬೆಂಕಿ ಒಮ್ಮೆ ನೀಲಿಯಾಗಿ ನಂದಿತು. ನೀರಿನಲ್ಲಿ ನೆನೆದು ಆರಿದ ಮೊದಲ ವಿದ್ಯುತ್ ಬೆಂಕಿಯಿರಬೇಕು. ಪಕ್ಕದಲ್ಲಿ ಶೋಭೆಗೆಂದು ಪೇರಿಸಿಟ್ಟ ಕೊರಡುಗಳಿಂದ ಒರಲೆ ಹೊರಟು ಟಿ.ವಿ. ಸ್ಟ್ಯಾಂಡಿನವರೆಗೆ ಮಣ್ಣಿನ ದಾರಿ ಹಾಕಿತು. ಕೆನಡಾದಿಂದ ತಂದ ಇಕ್ಕಳ, ಸಲಿಕೆ, ಕೆದಕುವ ಸಲಾಕೆಯ ಸೆಟ್ಟು ಒಂದೇ ಮಳೆಗಾಲದ ಉಪ್ಪುಗಾಳಿಗೆ ತುಕ್ಕು ಹಿಡಿಯಿತು. ಗೋಡೆಯ ಇಟ್ಟಿಗೆಗಿಂತ ಅದರ ಬಣ್ಣವೇ ಹೆಚ್ಚು ನೈಜವಾಗಿ ಬಂತು. ಟೈಲ್ಸಿನ ಸಂದಿನಲ್ಲಿ ಬೂಷ್ಟು. ಹುಡುಗನಿಗೆ ಫೋಟೊ ಕಳಿಸಿದರೆ, ಗೋಡೆಗೆಲ್ಲ ಬಿಳಿ ಬಣ್ಣ ಹೊಡೆದುಬಿಡಿ, ಈಗ ಅದೇ ಟ್ರೆಂಡ್ ಎಂದ.

ಬಿಳಿಗೋಡೆಯೇ ಬೇಕಿದ್ದರೆ ನಮ್ಮ ಕೊಂಕಣ ತೀರದ ಹಳೆಯ ದೇವಸ್ಥಾನಗಳಲ್ಲಿ ಕಾವಿ ಕಲೆ ಇತ್ತು. ಸುಣ್ಣದ ಗಾರೆಯ ಮೇಲೆ ಕೆಮ್ಮಣ್ಣಿನ ಪದರು ಕೊಟ್ಟು, ಹಸಿಯಿರುವಾಗಲೇ ಕೆರೆದು ಬಿಳಿ ತೋರಿಸಿ ಬಳ್ಳಿ, ಹಕ್ಕಿ, ರಥ ಬಿಡಿಸುವುದು; ನೂರು ಮಳೆಗಾಲಕ್ಕೂ ಅಳಿಯದು. ಹೊನ್ನಾವರ ಕಡೆಯ ಕೃಷ್ಣಾನಂದ ಕಾಮತರು ಊರೂರು ಅಲೆದು ಅದನ್ನು ದಾಖಲಿಸಿಟ್ಟರು. ಜೀರ್ಣೋದ್ಧಾರದ ಹೆಸರಿನಲ್ಲಿ ಅವುಗಳನ್ನು ಕೆಡವಿ ನಾವು ಗ್ರಾನೈಟು ಹಾಕಿಸಿದೆವು. ಇದನ್ನೂ ಭಾವನಿಗೆ ಹೇಳಿದೆ. "ಕಾವಿಯ ಸ್ಟಿಕ್ಕರ್ ಸಿಗ್ತದಾ?" ಎಂದರು.

ಆಷಾಢದ ಒಂದು ರಾತ್ರಿ, ಮೂರು ದಿನದಿಂದ ಕರೆಂಟಿಲ್ಲ ಎಂದು ಅಕ್ಕ ಫೋನು ಮಾಡಿದಳು. ಹೋಗಿ ನೋಡಿದರೆ ಹಾಲ್‌ನಲ್ಲಿ ಯಾರೂ ಇಲ್ಲ. ಫೈರ್‌ಪ್ಲೇಸಿನ ಬಾಯಿಯಲ್ಲಿ ಒಂದು ಬಕೆಟ್ಟು, ಅದರೊಳಗೆ ಟಪ್ ಟಪ್. ಮನೆಮಂದಿಯೆಲ್ಲ ಹಿತ್ತಲಿನ ಹಳೆಯ ಬಚ್ಚಲಿನಲ್ಲಿದ್ದರು. ಮನೆ ಕಟ್ಟುವಾಗ ಅದನ್ನು ಕೆಡವಲು ಅತ್ತೆ ಬಿಟ್ಟಿರಲಿಲ್ಲ. ಹಂಡೆಯ ಕೆಳಗೆ ಮಡಲು ಉರಿಯುತ್ತಿತ್ತು. ಸುತ್ತ ಕಟ್ಟಿದ ಹಗ್ಗದ ಮೇಲೆ ಭಾವನ ಪ್ಯಾಂಟು, ಸೋಫಾದ ಕವರು, ಕೆನಡಾದ ಉಣ್ಣೆ ಹೊದಿಕೆ ಒಣಗುತ್ತಿದ್ದವು. ಭಾವ ಮಣೆಯ ಮೇಲೆ ಕುಳಿತು ಅಂಗೈ ಕಾಯಿಸುತ್ತಿದ್ದರು. ಅವರು ನನ್ನನ್ನು ನೋಡಿ ಏನೂ ಹೇಳಲಿಲ್ಲ. ನಾನೂ ಏನೂ ಕೇಳಲಿಲ್ಲ. ಅತ್ತೆ ಗೇರುಬೀಜ ಸುಟ್ಟು ಕೊಟ್ಟರು.

ಮಳೆ ಮುಗಿದ ಮೇಲೆ ಚಿಮಣಿಯ ಬಾಯಿಗೆ ತಗಡು ಮುಚ್ಚಿಸಿ, ಗೋಡೆಗೆ ಬಿಳಿ ಹೊಡೆಸಿದರು. ಮೇ ತಿಂಗಳಿಗೆ ಕರಿ ಇಶಾಡ ಬಂತು. 2023ರಲ್ಲಿ ಭೌಗೋಳಿಕ ಮಾನ್ಯತೆ ಸಿಕ್ಕಿ ಅಂಕೋಲೆಯ ಹೆಸರಿನ ಜೊತೆಗೇ ಪೇಟೆಗೆ ಹೋಗುವ ಹಣ್ಣು. ಸಿಪ್ಪೆ ತೆಳು, ಬಾಳಿಕೆ ಕಮ್ಮಿ, ಹಣ್ಣಾಗಿಸಲು ನಿಗಾ ಬೇಕು. ಹುಲ್ಲು ಹಾಸಿ, ಕಾಯಿ ಜೋಡಿಸಿ, ಮೇಲೆ ಮತ್ತೆ ಹುಲ್ಲು ಮುಚ್ಚಿ, ಗಾಳಿಯಾಡದ ಕತ್ತಲೆ ಮೂಲೆಯಲ್ಲಿಡಬೇಕು. ಹೊಸ ಮನೆಯಲ್ಲಿ ಅಂಥ ಮೂಲೆ ಎಲ್ಲಿ? ಎಲ್ಲೆಲ್ಲೂ ಗಾಜು. ಅತ್ತೆ ಒಂದು ಮಧ್ಯಾಹ್ನ, ಮಗ ಮಲಗಿದ್ದ ಹೊತ್ತಿಗೆ, ಸತ್ತ ಎಲ್‌ಇಡಿ ಕೊರಡನ್ನು ಎತ್ತಿ ಹೊರಗಿಟ್ಟು, ಆ ಬಾಯಿಯ ತುಂಬ ಭತ್ತದ ಹುಲ್ಲು ತುಂಬಿ ಇನ್ನೂರು ಕಾಯಿ ಅಡೆ ಹಾಕಿದರು. ನಾಲ್ಕನೆಯ ದಿನಕ್ಕೆ ಹಾಲ್‌ ತುಂಬ ಪರಿಮಳ. ಮೊದಲ ಸಲ, ಒಳಗೆ ಕಾಲಿಟ್ಟವರೆಲ್ಲ ನೆಟ್ಟಗೆ ಆ ಗೋಡೆಯ ಹತ್ತಿರವೇ ಹೋದರು.

ಅದೇ ವಾರ ಬೆಂಗಳೂರಿನ ಹುಡುಗ ತನ್ನ ಕೆಲಸದ ಫೋಟೊ ತೆಗೆಯಲು ಖುದ್ದು ಬಂದ. ಬಿಳಿ ಇಟ್ಟಿಗೆಯ ನಡುವೆ ಹೊನ್ನಿನ ಬಣ್ಣದ ಹುಲ್ಲು, ಹುಲ್ಲಿನಿಂದ ಇಣುಕುವ ಹಣ್ಣು. ಭಾವ ನಾಚಿಕೆಯಿಂದ ತೆಗೆಸಲು ಹೊರಟರೆ ಹುಡುಗ ಕೈ ಅಡ್ಡ ಇಟ್ಟ. "ಮುಟ್ಟಬೇಡಿ ಸರ್! ಸೂಪರ್ ರಸ್ಟಿಕ್. ಯಾರು ಸ್ಟೈಲಿಂಗ್ ಮಾಡಿದ್ದು?" ಅತ್ತೆ ಅವನ ಕೈಗೆ ಒಂದು ಹಣ್ಣು ಕೊಟ್ಟರು. ಈಗ ಕಾರವಾರದ ಇಬ್ಬರು ತಮ್ಮ ಹಾಲ್‌ಗೂ ಅಂಥದೇ ಹುಲ್ಲಿನ ಗೋಡೆ ಬೇಕೆಂದು ಕೇಳಿದ್ದಾರಂತೆ. ಹುಲ್ಲನ್ನು ಎಲ್ಲಿಂದ ತರಿಸುವುದೆಂದು ಅವನು ಭಾವನಿಗೆ ದಿನಾ ಫೋನು ಮಾಡುತ್ತಾನೆ.

ಇನ್ನೊಂದು ಸಣ್ಣ ತಕರಾರೂ ಇದೆಯಂತೆ. ಫೋಟೊದ ಮೂಲೆಯಲ್ಲಿ ಒಂದು ಕುರ್ಚಿ ಉಲ್ಟಾ ತಿರುಗಿದೆ. ಮುದುಕಿಯೊಬ್ಬರು ಫೈರ್‌ಪ್ಲೇಸಿಗೆ ಬೆನ್ನು ಹಾಕಿ, ಕಿಟಕಿಯತ್ತ ಮುಖ ಮಾಡಿ, ಮೊಣಕೈವರೆಗೆ ರಸ ಇಳಿಸಿಕೊಂಡು ಕುಳಿತಿದ್ದಾರೆ. ಅವರನ್ನು ಅಳಿಸಿಬಿಡಲೇ ಎಂದು ಕೇಳಿದ್ದಾನೆ. ಭಾವ ಇನ್ನೂ ಉತ್ತರ ಕೊಟ್ಟಿಲ್ಲ.